ಕರ್ನೆಲ್ಲಿಗೆ ಬಡಿಸುವವರು ಯಾರು?

ಸುಲಭದ ದಾರಿ ಕಣ್ಣೆದುರಿಗಿದ್ದರೆ ನನ್ನ ಮನಸ್ಸಿಗೆ ಸಮಾಧಾನವಿರುವುದಿಲ್ಲ. ತೊಂಬತ್ತರ ದಶಕದ ಕೊನೆಗೆ ಗೆಳೆಯ ರಫೀಕ ಮತ್ತು ನಾನು ರಾಣೆಬೆನ್ನೂರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದಾಗ ಬ್ಯಾಡಗಿಯ ಮೆಣಸಿನಕಾಯಿ ಸಾವಕಾರರೊಬ್ಬರು ತಮ್ಮ ಎಲೆಕ್ಟ್ರಾನಿಕ್ ತಕ್ಕಡಿಯ ತೂಕ ನೇರ ಕಂಪ್ಯೂಟರಿಗೆ ಬರಬೇಕೆಂದರು. ನಮಗದು ಮೊದಲ ದೊಡ್ಡ ಕೆಲಸ. "ಗುರುವಾರದೊಳಗ ಆಗಲಿಲ್ಲಂದ್ರ ಹುಬ್ಬಳ್ಳಿಯವರಿಗೆ ಹೇಳ್ತೀನಿ ನೋಡ್ರಿ" ಎಂದೂ ಅಂದರು.

ತಕ್ಕಡಿಯನ್ನು ಮಾತಾಡಿಸುವ ಭಾಗವನ್ನು ನಾನು ಕಂಪ್ಯೂಟರ್ ನಡೆಸುವ ಲಿನಕ್ಸ್ ವ್ಯವಸ್ಥೆಯ ತಿರುಳಾದ ಕರ್ನೆಲ್ ಒಳಗೆ ಬರೆದೆ. ಕರ್ನೆಲ್ ಎಂದರೆ ಅಡುಗೆಮನೆ ಎಂದುಕೊಳ್ಳಿ. ಹೊರಗೆ ಪಂಕ್ತಿಯಲ್ಲಿ ಕೂತ ಪ್ರೋಗ್ರಾಮುಗಳು ಫೈಲು ಕೇಳುತ್ತವೆ, ಅದು ಬಡಿಸುತ್ತದೆ. ಒಟ್ಟು ತೂಕದಲ್ಲಿ ಕಳೆಯಬೇಕಾದ ಖಾಲಿ ಚೀಲದ ತೂಕ ಬರೆದಿಟ್ಟ ಸಣ್ಣ ಫೈಲನ್ನು ಮಾತ್ರ ಕರ್ನೆಲ್ಲೇ ತೆರೆದು ಓದಿಕೊಳ್ಳಲಿ ಎಂಬುದು ನನ್ನ ಹಟ. ಫೈಲೇನೋ ತೆರೆಯಿತು. ಓದಹೋದರೆ 'ವಿಳಾಸ ಸರಿಯಿಲ್ಲ' ಎಂದಿತು. ಎಲೆ, ಅಂದರೆ ಓದಿದ್ದನ್ನು ಹಾಕಿಸಿಕೊಳ್ಳುವ ಜಾಗ, ಪಂಕ್ತಿಯಲ್ಲಿದೆಯೇ ಎಂದು ನೋಡಿಯೇ ಬಡಿಸುವುದು ಅಲ್ಲಿನ ಪದ್ಧತಿ. ನನ್ನ ಎಲೆ ಅಡುಗೆಮನೆಯೊಳಗೇ ಇತ್ತು. ಡೈರಿಯಲ್ಲಿ ತಾರೀಖು ಹಾಕಿ ಒಂದು ಗೀಟು ಎಳೆದೆ. ಸೋಲಿಗೊಂದು ಗೀಟು ನನ್ನ ಶಿಸ್ತು.

ಹುಡುಕಿದಾಗ ಉಪಾಯ ಸಿಕ್ಕಿತು: ಅಡುಗೆಮನೆಯೂ ಪಂಕ್ತಿಯೇ ಎಂದು ಸ್ವಲ್ಪ ಹೊತ್ತು ನಂಬಿಸಬೇಕು, ಊಟವಾದೊಡನೆ ಬಾಗಿಲು ಹಾಕಬೇಕು. ನಂಬಿಸಿದೆ, ಊಟವೂ ಆಯಿತು, ಬಾಗಿಲು ಹಾಕಲು ಮರೆತೆ. ಹೊರಗಿನ ಪ್ರೋಗ್ರಾಮೊಂದು ಒಳನುಗ್ಗಿ ಸಾರಿನ ಪಾತ್ರೆಗೇ ಕೈಯಿಟ್ಟಿತು. ಯಂತ್ರ ಕಲ್ಲಾಯಿತು. ಮತ್ತೆ ಗೀಟು. ಬುಧವಾರದ ಹೊತ್ತಿಗೆ ಆ ಪುಟ ಬಾಚಣಿಗೆಯಂತೆ ಕಾಣುತ್ತಿತ್ತು.

ರಫೀಕ ಚಹಾ ತಂದಿಟ್ಟು ಕೇಳಿದ: "ಆ ಚೀಲದ ತೂಕ ದಿನಾ ಬದಲಾಗ್ತದೇನ?"

"ಇಲ್ಲ. ಚೀಲ ಬದಲಾದಾಗಷ್ಟ."

"ಹಂಗಾದ್ರ ಹೊರಗಿನ ಪ್ರೋಗ್ರಾಮ್ ಫೈಲ್ ಓದಿ ಒಳಗ ಕೊಡ್ಲಿ ದೋಸ್ತಾ! ಒಳಗಿನಾಂವ ಫೈಲ್ ತಗದ ಯಾಕ ಕುಂದ್ರಬೇಕು?"

"ನಿನಗ ತಿಳಿಯಂಗಿಲ್ಲ ಬಿಡು."

"ಖರೇ. ಹುಬ್ಬಳ್ಳಿಯವರಿಗೆ ತಿಳೀತೈತಿ, ನಾಳೆ ಬರ್ತಾರ."

ಅವನು ಹೇಳಿದಂತೆ ಮಾಡಿದೆ. ಚಹಾ ಆರುವ ಮೊದಲೇ ಕೆಲಸ ಮುಗಿದದ್ದು ನನಗೆ ಬಹಳ ಬೇಸರ ತಂದಿತು. ಮರುದಿನ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಘಾಟಿಗೆ ಎಲ್ಲರೂ ಸೀನುತ್ತಿರುವಾಗ ತೂಕ ಪರದೆಯ ಮೇಲೆ ಸರಿಯಾಗಿ ಮೂಡಿತು. ಸಾವಕಾರರು, "ಇಷ್ಟಕ್ಕ ಇಷ್ಟ ದಿನ ಯಾಕ ಬೇಕಾತ್ರಿ?" ಎಂದರು. "ಒಳಗಿನ ಕೆಲಸ ಭಾಳ ಇತ್ರಿ" ಎಂದ ರಫೀಕ, ನನ್ನ ಮುಖ ನೋಡದೆ.

ಸಂಜೆ ಮನೆಗೆ ಬಂದವನೇ ಹಸಿವು ತಾಳದೆ ತಾಟು ಹಿಡಿದು ನೇರ ಒಲೆಯ ಮುಂದೆ ನಿಂತೆ. ಅವ್ವ ತಲೆಯೆತ್ತದೆ ಹೇಳಿದಳು: "ಇಲ್ಲಿ ತಾಟ ತರಬ್ಯಾಡ. ಹೊರಗ ಎಲ್ಲಾರ ಜೋಡಿ ಕುಂದ್ರು, ಹಾಕ್ತೀನಿ."

ಹೊರಗೆ ಹೋಗಿ ಕೂತೆ. ಊಟಕ್ಕೆ ಮೊದಲು ಡೈರಿ ತೆಗೆದು ಇನ್ನೊಂದು ಗೀಟು ಎಳೆದೆ.