ಹಸಿರು ಬೇಲಿಗೊಂದು ಅಂಚು

ಬೀದಿಯವರ ಅಳತೆಯನ್ನೆಲ್ಲ ಟೇಪು ಹಿಡಿದು ಬರೆದುಕೊಂಡಿದ್ದ ಟೈಲರಣ್ಣನಿಗೆ ಮನೆಯಲ್ಲಿ ತನ್ನ ಅಳತೆ ಎಷ್ಟೆಂಬುದು ಚೆನ್ನಾಗಿಯೇ ಗೊತ್ತಿತ್ತು. ಆದರೂ ಅಂಗಡಿಯಲ್ಲಿ ಕತ್ತರಿ ಆಡಿಸುತ್ತ, "ನಮ್ಮನೇಲಿ ಕೊನೆ ಮಾತು ನಂದೇ" ಎಂದು ಕೊಚ್ಚಿಕೊಳ್ಳುತ್ತಿದ್ದ. ಅದೇ ಮಹಾಪುರುಷ ಭಾನುವಾರ ಬೆಳಿಗ್ಗೆ ಹಿತ್ತಲಲ್ಲಿ ಮೋಟು ಸ್ಟೂಲಿನ ಮೇಲೆ ಕೂತು ವಾರದ ಬಟ್ಟೆ ಒಗೆಯುತ್ತಿದ್ದ. ಹೊಲಿಯುವವನಿಗೆ ಬಟ್ಟೆಯ ಮೇಲೆ ಮಮತೆ ಹೆಚ್ಚು, ಅವನೇ ಒಗೆಯಲಿ ಎಂಬುದು ಹೆಂಡತಿಯ ತೀರ್ಪು. (ಮೇಲ್ಮನವಿಗೆ ಅವಕಾಶವಿರಲಿಲ್ಲ.)

ಗುಟ್ಟು ಗುಟ್ಟಾಗಿಯೇ ಇತ್ತು. ಅಷ್ಟರಲ್ಲಿ ಪಕ್ಕದ ಖಾಲಿ ಮನೆಗೆ ಸಲೂನಿನವನು ಸಂಸಾರ ಸಮೇತ ಬಂದ. ನಡುವೆ ಇದ್ದದ್ದು ಎರಡೆಳೆ ತಂತಿ. ಸಲೂನಿಗೆ ಹೋದ ಸುದ್ದಿ ಸಂಜೆಯೊಳಗೆ ಎಷ್ಟು ತಲೆಗೆ ಏರುತ್ತದೆಂದು ಲೆಕ್ಕ ಹಾಕಿ ಟೈಲರಣ್ಣ ನೇರ ಹೆಂಡತಿಯ ಹತ್ತಿರ ಹೋದ.

"ಬೇಲಿ ಗಿಡ ಹಾಕ್ತೀನಿ ಕಣೇ. ನಾಲ್ಕು ಜನ ನೋಡಿದ್ರೆ ಮರ್ಯಾದೆ ಹೋಗುತ್ತೆ."

"ಹೋಗೋಷ್ಟು ಇಟ್ಕೊಂಡಿದೀರಾ? ಹಾಕಿ, ಹಾಕಿ. ಅಲ್ಲೀವರೆಗೂ ಬೆಳಗಾಗೋ ಮುಂಚೆ ಒಗೀರಿ."

ಕ್ಯಾಲೆಂಡರಿನಿಂದ ಹರಿದ ಯಾವುದೋ ಪರದೇಶಿ ಗಿಡದ ಚಿತ್ರ ಹಿಡಿದು ಅವನು ನರ್ಸರಿಗೆ ಹೋದ. ನರ್ಸರಿಯಮ್ಮ ಚಿತ್ರ ನೋಡಿ ನಕ್ಕಳು.

"ಇದು ಪಟದಲ್ಲೇ ಚಂದ ಅಣ್ಣ. ಈ ಮಣ್ಣಲ್ಲೇ ಹುಟ್ಟಿದ್ದು ಹಾಕಿ. ಲಕ್ಕಿ ಗಿಡ ಪುಟ್ಟ ಮರವಾಗಿ ಮೇಲೆ ಮುಚ್ಚುತ್ತೆ, ಆಡುಸೋಗೆ ಪೊದೆಯಾಗಿ ಕೆಳಗೆ ಮುಚ್ಚುತ್ತೆ. ತುದಿ ಚಿವುಟ್ತಾ ಇರಿ. ಕೆಳಗಿನ ಕೊಂಬೆ ಮಾತ್ರ ಮುಟ್ಟಬೇಡಿ."

ಎರಡು ವರ್ಷ ಕತ್ತಲಲ್ಲಿ ಬಟ್ಟೆ ಒಗೆದ ಮೇಲೆ ಬೇಲಿ ಆಳೆತ್ತರ ಬೆಳೆದು ದಟ್ಟವಾಯಿತು. ಅಲ್ಲಿಗೆ ಸುಮ್ಮನಿದ್ದಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಆಡುಸೋಗೆಯ ಕೊಂಬೆಗಳು ನೆಲದ ಮೇಲೆ ಅಡ್ಡಾದಿಡ್ಡಿ ಬಿದ್ದಿದ್ದು ಅವನ ಕಣ್ಣಿಗೆ ಚುಚ್ಚಿತು. ಮೂವತ್ತು ವರ್ಷದಲ್ಲಿ ಅಂಚು ಮಡಿಸದ ಒಂದು ಲಂಗವನ್ನೂ ಅವನು ಅಂಗಡಿಯಿಂದ ಆಚೆ ಕಳಿಸಿದವನಲ್ಲ. ಟೇಪು ತಂದ, ಸೀಮೆಸುಣ್ಣ ಹಚ್ಚಿದ ದಾರ ಬಿಗಿದ, ನೆಲದಿಂದ ಮೂರಡಿಯವರೆಗಿನ ಕೊಂಬೆಯನ್ನೆಲ್ಲ ನೇರವಾಗಿ ಕತ್ತರಿಸಿ ತೆಗೆದ. ದೂರ ನಿಂತು ನೋಡಿದ. ಬೇಲಿಯ ಮೇಲೆ ಒಂದು ತಲೆಯೂ ಕಾಣುತ್ತಿರಲಿಲ್ಲ. ಅವನ ಮನಸ್ಸು ತುಂಬಿ ಬಂತು.

ಅಂದಿನಿಂದ ಹಾಡುಹಗಲೇ ಬನಿಯನ್ನಿನಲ್ಲಿ ಕೂತು, ಗಂಟಲು ಬಿಟ್ಟು ಹಾಡುತ್ತ ಒಗೆಯತೊಡಗಿದ. ಒಂದು ತಿಂಗಳು ಸ್ವರ್ಗಸುಖ. ಐದನೆಯ ಭಾನುವಾರ ಬೇಲಿಯ ಕೆಳಗಿನಿಂದ ಒಂದು ದನಿ ಬಂತು.

"ಅಣ್ಣಾ, ಕಾಲರ್‌ಗೆ ಸೋಪು ಎಷ್ಟು ಸಲ?"

ಟೈಲರಣ್ಣ ಬಗ್ಗಿದ. ಅಂಚಿನ ಆಚೆ, ಇನ್ನೊಂದು ಮೋಟು ಸ್ಟೂಲಿನ ಮೇಲೆ, ಬಕೆಟ್ಟಿನ ಮುಂದೆ ಸಲೂನಿನವನು ಮುಖ ಇಳಿಬಿಟ್ಟು ಕೂತಿದ್ದ. ಅವನ ಹಿಂದೆ ಬೀದಿಯ ಹೆಂಗಸರ ಚಪ್ಪಲಿ ಮೆಟ್ಟಿದ ಏಳು ಜೊತೆ ಕಾಲು ಸಾಲಾಗಿ ನಿಂತಿದ್ದವು.

"ಹಿತ್ತಲ ಮೆಟ್ಟಿಲ ಮೇಲೆ ತರಕಾರಿ ಹೆಚ್ಚೋಕೆ ಕೂತ್ರೆ ನನ್ನ ಹೆಂಡ್ತಿಗೆ ನೀವು ಪೂರ್ತಿ ಕಾಣ್ತೀರಂತೆ," ಎಂದ ಸಲೂನಿನವನು. "ನೋಡಿ ಕಲೀರಿ ಅಂತಾಳೆ. ನಿಮ್ಮಿಂದ ನನ್ನ ಬಾಳು ಹಾಳಾಯ್ತಣ್ಣ."

ನಾಚಿಕೆಯಿಂದ ಟೈಲರಣ್ಣನಿಗೆ ಸೋಪಿನ ನೊರೆಯಲ್ಲೇ ಮುಳುಗಿಬಿಡೋಣ ಎನ್ನಿಸಿತು. ಅಷ್ಟರಲ್ಲಿ ಹೆಂಡತಿ ಅಂಗಡಿಯ ದೊಡ್ಡ ಕತ್ತರಿ ಹಿಡಿದು ಬಂದಳು.

"ರೀ, ಹಿಂದೆ ನಿಂತೋರಿಗೆ ನಿಮ್ಮ ಕೈ ಸರಿಯಾಗಿ ಕಾಣ್ತಿಲ್ವಂತೆ. ಅಂಚು ಇನ್ನೊಂದು ಅಡಿ ಮೇಲೆತ್ತಿ."

"ಆಯ್ತು ಕಣೇ," ಎಂದ ಟೈಲರಣ್ಣ.

ಬೀದಿಯ ಏಳು ಹೆಂಗಸರ ಸಾಕ್ಷಿಯಾಗಿ, ಕೊನೆ ಮಾತು ಅವನದೇ ಆಯಿತು.