ಬೇಡ ಅಂದ್ರೂ ಬಡಿಸಿ

ನನಗೆ ಸಿಟ್ಟು ಬರುವುದು ಕಡಿಮೆ ಎಂದು ನಾನು ನಂಬಿದ್ದೇನೆ. ನನ್ನ ಹೆಂಡತಿ ರತ್ನ ಇದನ್ನು ಒಪ್ಪುವುದಿಲ್ಲ. ಆದರೆ ದುಬಾರಿ ಬೆಂಗಳೂರಿನಲ್ಲಿ ನೋಡಲೂ ಚೆಂದವಿದ್ದು ಜೇಬಿಗೂ ಭಾರವಾಗದ ಹೋಟೆಲೊಂದನ್ನು ನೀವೇ ಒಮ್ಮೆ ಹುಡುಕಿ ನೋಡಿ, ಆಮೇಲೆ ಯಾರ ಸಮಾಧಾನ ಎಷ್ಟೆಂದು ಮಾತಾಡೋಣ. ಚೆಂದವಿರುವ ಕಡೆ ಬಾಗಿಲು ತೆಗೆಯುವವನ ಕೋಟೇ ನನ್ನ ಮದುವೆಯ ಕೋಟಿಗಿಂತ ಚೆನ್ನಾಗಿರುತ್ತದೆ. ಅಗ್ಗವಿರುವ ಕಡೆ ಕೂರಲು ಕುರ್ಚಿಯೇ ಇರುವುದಿಲ್ಲ. ಇವೆರಡರ ನಡುವಿನ ಜನ ಎಲ್ಲಿ ಉಣ್ಣಬೇಕು ಎಂದು ಆ ಊರಿನಲ್ಲಿ ಯಾರೂ ಯೋಚಿಸಿದಂತಿಲ್ಲ.

ಈ ಕುರ್ಚಿಯ ವಿಷಯಕ್ಕೇ ನನ್ನ ಮಾನ ಹೋದದ್ದು. ನಾನು ಹೊಳೆನರಸೀಪುರದಲ್ಲಿ ಹೈಸ್ಕೂಲಿನ ಗಣಿತದ ಮೇಷ್ಟ್ರು. ರತ್ನಳ ಒಬ್ಬಳೇ ತಂಗಿ ಶೈಲ ಇರುವುದು ಬೆಂಗಳೂರಿನಲ್ಲಿ. ಅವಳ ಗಂಡ, ಅಂದರೆ ನನ್ನ ಷಡ್ಡಕ ರೇಣುಕಪ್ಪ, ಮೂಲತಃ ಅರಕಲಗೂಡಿನವನು. ಈಗ ಬೆಂಗಳೂರಿನಲ್ಲಿ ಬಣ್ಣ, ಪೈಪು, ನಲ್ಲಿ ಮಾರುವ ಅಂಗಡಿ ಇಟ್ಟಿದ್ದಾನೆ. ಹೋದಾಗಲೆಲ್ಲ ಅವರ ಮನೆಯಲ್ಲೇ ಉಂಡು ಬರುತ್ತೇವೆ, ಒಮ್ಮೆಯಾದರೂ ನಾವು ಊಟ ಕೊಡಿಸಬೇಡವೇ ಎಂದು ಮೂರು ವರ್ಷದ ಹಿಂದೆ ರತ್ನ ಕೇಳಿದಳು. ನಾನು ಹುಮ್ಮಸ್ಸಿನಿಂದ ಅವರಿಬ್ಬರನ್ನೂ ರುಚಿಗೆ ಹೆಸರಾದ ದರ್ಶಿನಿಯೊಂದಕ್ಕೆ ಕರೆದುಕೊಂಡು ಹೋದೆ. ದೋಸೆ ಅಮೋಘವಾಗಿತ್ತು. ಆದರೆ ಎದೆಮಟ್ಟದ ದುಂಡು ಮೇಜಿನ ಸುತ್ತ ನಾಲ್ವರೂ ನಿಂತುಕೊಂಡು ತಿಂದೆವು. ಅಂದಿನಿಂದ ಯಾವ ಮದುವೆ, ಯಾವ ಗೃಹಪ್ರವೇಶದಲ್ಲಿ ಸಿಕ್ಕರೂ ರೇಣುಕಪ್ಪ ನನ್ನ ಹೆಗಲ ಮೇಲೆ ಕೈ ಹಾಕಿ ನಾಲ್ಕು ಜನಕ್ಕೆ ಕೇಳುವಂತೆ, "ನಮ್ ಭಾವ ಭಾಳ ದೊಡ್ಮನ್ಸ ಕಣ್ರಪ್ಪ, ನಮ್ಮುನ್ನ ಕರ್ಕಂಡೋಗಿ ನಿಲ್ಸಿ ಊಟ ಆಕ್ಸುದ್ರು" ಎನ್ನುತ್ತಾನೆ. ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ, ರತ್ನ ಮಾತ್ರ ನಗುವುದಿಲ್ಲ. ಚನ್ನರಾಯಪಟ್ಟಣದ ಮದುವೆಯೊಂದರಲ್ಲಿ ಅವಳು ಈ ಮಾತು ಕೇಳಿ ಎಲೆಯ ಮುಂದಿನಿಂದಲೇ ಎದ್ದುಬಿಟ್ಟಳು. ಈ ಮಾತು ನಿಲ್ಲುವ ತನಕ ತಂಗಿಯ ಮನೆಯ ಮೆಟ್ಟಿಲು ತುಳಿಯುವುದಿಲ್ಲ ಎಂದು ವಾಪಸ್ಸು ಬರುವ ಬಸ್ಸಿನಲ್ಲಿ ಹೇಳಿದಳು. ಹೇಳಿದಂತೆಯೇ ಎರಡು ಹಬ್ಬಕ್ಕೆ ಹೋಗಲಿಲ್ಲ. ತಂಗಿಯ ಫೋನ್ ಬಂದಾಗ ನಗುನಗುತ್ತ ಮಾತಾಡಿ, ಇಟ್ಟ ಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವುದನ್ನು ನಾನು ನೋಡಿದ್ದೇನೆ.

ಹಾಗಾಗಿ ಹುಡುಕಾಟಕ್ಕೆ ಇಳಿದೆ. ಬಿಡುವಿನ ಪೀರಿಯಡ್ಡಿನಲ್ಲೆಲ್ಲ ಫೋನು ಹಿಡಿದು ಕೂತೆ. ಸೊಗಸಾದ, ಕೈಗೆಟುಕುವ ರೆಸ್ಟೋರೆಂಟುಗಳು ಎಂದು ಪಟ್ಟಿ ಹಾಕುವವರಿಗೆ ಯಾರ ಕೈ ಎಷ್ಟು ಉದ್ದ ಎಂಬ ಅಂದಾಜೇ ಇಲ್ಲ. ಒಂದೊಂದು ಹೆಸರಿನ ಕೆಳಗೂ ತೂಗುದೀಪದ ಫೋಟೋ, ಕುಂಡದಲ್ಲಿರುವ ಗಿಡದ ಫೋಟೋ, ಗೋಡೆಗೆ ನೇತುಹಾಕಿದ ಹಳೇ ಸೈಕಲ್ಲಿನ ಫೋಟೋ. ಅನ್ನದ ಸುದ್ದಿಯಿಲ್ಲ. ನಮ್ಮ ಹಾಸನದ ಹೋಟೆಲಿನಲ್ಲಿ ಕೂತ ತಕ್ಷಣ ಏನೇನಿದೆ ಎಂದು ಒಂದೇ ಉಸಿರಿಗೆ ಒಪ್ಪಿಸುತ್ತಾರೆ, ಕೇಳಿದರೆ ಬೆಲೆಯನ್ನೂ ಹೇಳುತ್ತಾರೆ. ಇಲ್ಲಿ ಒಂದು ಕಡೆ ಫೋನ್ ಮಾಡಿ ಊಟಕ್ಕೆ ಎಷ್ಟಾಗುತ್ತದೆ ಎಂದರೆ, ಅದು ನಿಮಗೆ ಎಂಥ ಅನುಭವ ಬೇಕು ಅನ್ನುವುದರ ಮೇಲೆ ನಿಂತಿದೆ ಎಂದರು. ನನಗೆ ಅನುಭವ ಬೇಡ, ಊಟ ಬೇಕು ಎಂದೆ. ಅವರು ಫೋನು ಇಟ್ಟರು.

ಕೊನೆಗೂ ಒಂದು ಸಿಕ್ಕಿತು. ಮಧ್ಯಾಹ್ನದ ಹೊತ್ತು ಮಾತ್ರ ಕಡಿಮೆ ದರ, ಒಂದು ತಟ್ಟೆಗೆ ಇಷ್ಟು ಎಂದು ಬರೆದಿತ್ತು. ತಲೆಗೆ ಎರಡರಂತೆ ನಾಲ್ಕು ಜನಕ್ಕೆ ಎಂಟು ತಟ್ಟೆ. ಗಣಿತದ ಮೇಷ್ಟ್ರ ಲೆಕ್ಕ, ತಪ್ಪುವಂತಿಲ್ಲ. ಕುರ್ಚಿಗೆ ಬೆನ್ನು, ಕೈ, ದಿಂಬು ಎಲ್ಲ ಇದೆಯೇ ಎಂದು ಎರಡು ಸಲ ಕೇಳಿ ಖಚಿತ ಮಾಡಿಕೊಂಡು ಷಡ್ಡಕ ದಂಪತಿಯನ್ನು ಅಲ್ಲಿಗೆ ಬರಹೇಳಿದೆ.

ಕುರ್ಚಿ ನಿಜವಾಗಿಯೂ ಚೆನ್ನಾಗಿತ್ತು. ಕೂತರೆ ಏಳಲು ಇನ್ನೊಬ್ಬರು ಕೈ ಕೊಡಬೇಕು, ಅಷ್ಟು ಮೆತ್ತಗೆ. ಊಟ ಬಂದಾಗ ನನ್ನ ಮೈ ಉರಿದುಹೋಯಿತು. ಒಬ್ಬೊಬ್ಬರಿಗೂ ತಟ್ಟೆಯ ಬದಲು ಒಂದು ಕಪ್ಪು ಕಲ್ಲು, ಅದರ ಮೇಲೆ ಗೋಲಿಯಷ್ಟು ದಪ್ಪದ ನಾಲ್ಕು ಉಂಡೆ, ಪಕ್ಕದಲ್ಲಿ ಎಣಿಸಿ ಹಾಕಿದಂತಿದ್ದ ಅವರೆಕಾಳು, ಮೇಲೊಂದು ಹೂವು. ಇದೇನು ಎಂದು ಕೇಳಿದರೆ ರಾಗಿಮುದ್ದೆ ಎಂದರು. ಮುದ್ದೆಗೂ ಒಂದು ಮರ್ಯಾದೆ ಇದೆಯಪ್ಪ. ಅರಕಲಗೂಡಿನ ಕಡೆ ಹೊಲದಿಂದ ಬಂದವರ ಮುಂದೆ ಇದನ್ನಿಟ್ಟರೆ ಆ ಕಲ್ಲು ಅಡುಗೆಮನೆಗೆ ವಾಪಸ್ಸು ಹೋಗುವ ರೀತಿಯೇ ಬೇರೆ. ಆದರೆ ಅಂದು ನಾನು ಕರೆದವನು, ಸಿಟ್ಟನ್ನು ನುಂಗಿಕೊಂಡೆ. ಆ ಗೋಲಿಗಳಿಗಿಂತ ಅದೇ ಹೆಚ್ಚು ಹೊಟ್ಟೆ ತುಂಬಿಸಿತು.

ನಮ್ಮ ಕಡೆ ಒಂದು ಪದ್ಧತಿಯಿದೆ. ಉಣ್ಣುವವರು ಬೇಡ ಎನ್ನಬೇಕು, ಬಡಿಸುವವರು ಕಿವಿ ಕೇಳಿಸದವರಂತೆ ಬಡಿಸಬೇಕು. ಮೊದಲ ಸಲಕ್ಕೇ ಬೇಕು ಎಂದವನು ಊಟ ಕಾಣದವನು, ಒಂದು ಸಲ ಕೇಳಿ ಸುಮ್ಮನಾದವನು ಜಿಪುಣ. ಬಡಿಸುತ್ತಿದ್ದವರು ನಡುವಯಸ್ಸಿನ, ಕಾಳೇಗೌಡ ಎನ್ನುವವರು. ಇನ್ನೇನಾದರೂ ಬೇಕೇ ಎಂದು ಅವರು ಕೇಳಿದಾಗ ರೇಣುಕಪ್ಪ ಖಾಲಿ ಕಲ್ಲಿನ ಮುಂದೆ ಹೊಟ್ಟೆ ಸವರಿಕೊಂಡು, ಬೇಡ, ಸಾಕು, ತುಂಬಿಹೋಯಿತು ಎಂದ. ಕಾಳೇಗೌಡರು ಹಾಗೇ ತಿರುಗಿ ಹೊರಟರು. ರೇಣುಕಪ್ಪನ ಕಣ್ಣು ಅವರ ಹಿಂದೆಯೇ ಹೋಯಿತು. ಮುಂದಿನ ಮದುವೆಯಲ್ಲಿ ಅವನು ಹೇಳುವ ಹೊಸ ಮಾತು ನನ್ನ ಕಿವಿಗೆ ಆಗಲೇ ಕೇಳಿಸಿತು. ಎದ್ದು ಹೋಗಿ ಕಾಳೇಗೌಡರನ್ನು ಕಂಬದ ಮರೆಯಲ್ಲಿ ಹಿಡಿದು, ಮದುವೆಮನೆಯಲ್ಲಿ ಹೇಳುವಂತೆ ಹೇಳಿದೆ: "ಅವ್ರಿಬ್ರೂ ಬ್ಯಾಡ ಅಂತಾರೆ, ನೀವು ಬಿಡ್ಬೇಡಿ ಕಣ್ರಿ. ಬಡಿಸ್ತಾನೇ ಇರಿ."

ಅವರ ಮುಖ ಅರಳಿತು. "ನಾನು ರಾಮನಾಥಪುರದವ್ನು ಸಾ. ಇಲ್ಲಿ ಸೇರ್ಕಂಡ್ಮೇಲೆ ಈ ಮಾತ ಒಬ್ರೂ ಯೋಳಿರ್ಲಿಲ್ಲ. ನೀವೋಗಿ ಸುಮ್ಕೆ ಕೂತ್ಕಳಿ."

ಆಮೇಲೆ ಆದದ್ದನ್ನು ಏನೆಂದು ಹೇಳಲಿ. ಕಲ್ಲಿನ ಮೇಲೆ ಕಲ್ಲು ಬಂತು. ರೇಣುಕಪ್ಪ ಬೇಡ ಎಂದು ಎರಡೂ ಕೈಯನ್ನು ಅಡ್ಡ ಹಿಡಿದರೆ ಕಾಳೇಗೌಡರು ಮಗ್ಗುಲಿನಿಂದ ತಳ್ಳಿದರು. ಶೈಲ ಸಾಕು ಎಂದಾಗಲೆಲ್ಲ ಎರಡು ಬಂದವು. ಅವರಿಬ್ಬರ ಕಣ್ಣಿನಲ್ಲಿ ಮದುವೆಮನೆಯ ಸಂತೋಷ ಕಂಡಿತು. ನಮ್ಮೂರಿನಲ್ಲಿ ಬಡಿಸುವುದು ಬಕೆಟ್ಟಿನಿಂದ, ಇಲ್ಲಿ ತಟ್ಟೆಯ ಲೆಕ್ಕದಲ್ಲಿ ಎನ್ನುವುದು ನನಗೆ ಹೊಳೆದಾಗ ಮೇಜಿನ ಮೇಲೆ ಜಾಗವಿರಲಿಲ್ಲ. ಇನ್ನು ಸಾಕು ಎಂದು ಕಾಳೇಗೌಡರಿಗೆ ಕೈಸನ್ನೆ ಮಾಡಿದೆ. ನಾನೂ ಉಪಚಾರಕ್ಕೆ ಬೇಡ ಎನ್ನುತ್ತಿದ್ದೇನೆಂದು ತಿಳಿದು ಅವರು ಇನ್ನೊಂದು ತಂದು ರೇಣುಕಪ್ಪನ ಮುಂದಿಟ್ಟರು. ಕರೆದವರು ಅತಿಥಿಗಳಿಗಿಂತ ಮುಂದಾಗಿ ಉಣ್ಣಬಾರದೆಂದು ನಾನೂ ರತ್ನಳೂ ಮೊದಲು ಬಂದ ನಾಲ್ಕು ಗೋಲಿಯಲ್ಲೇ ನಿಂತಿದ್ದೆವು. ನಮಗೂ ಬಡಿಸಿ ಎಂದು ನಾನು ಹೇಳಿರಲಿಲ್ಲ, ಅವರು ಬಡಿಸಲಿಲ್ಲ.

ಬಿಲ್ಲು ಬಂತು. ಪದ್ಧತಿಯಂತೆ ರೇಣುಕಪ್ಪ ಅದಕ್ಕೆ ಕೈ ಹಾಕಿದ, ಪದ್ಧತಿಯಂತೆ ನಾನು ಕಿತ್ತುಕೊಂಡೆ. ಮೂರನೇ ಎಳೆತಕ್ಕೆ ಬಿಟ್ಟುಕೊಡೋಣ ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದೆ. ಅವನು ಎರಡನೆಯದಕ್ಕೇ ಬಿಟ್ಟುಬಿಟ್ಟ. ನಮ್ಮ ಮನೆಯ ಎರಡು ತಿಂಗಳ ದಿನಸಿಯನ್ನು ಬಿಲ್ಲು ತಂದಿದ್ದ ಚರ್ಮದ ಫೋಲ್ಡರಿನೊಳಗಿಟ್ಟು ಹೊರಗೆ ಬಂದೆ. ಬಾಗಿಲಲ್ಲಿ ರೇಣುಕಪ್ಪ ನನ್ನ ಎರಡೂ ಕೈ ಹಿಡಿದುಕೊಂಡ.

"ಬ್ಯಾಡ ಬ್ಯಾಡ ಅಂದ್ರೂ ಬುಡ್ನಿಲ್ವಲ್ಲ ಭಾವ. ಈ ಊರಲ್ಲಿ ನಂಗೆ ಇಂಗೆ ಯಾರೂ ಉಣ್ಸಿಲ್ಲ" ಎಂದ. ಅವನ ದನಿಯಲ್ಲಿ ತಮಾಷೆಯಿರಲಿಲ್ಲ. ಅತ್ತ ರತ್ನ ತಂಗಿಯನ್ನು ತಬ್ಬಿಕೊಂಡು, ಹಬ್ಬಕ್ಕೆ ನಾಲ್ಕು ದಿನ ಮುಂಚೆಯೇ ಬರುತ್ತೇನೆ ಎನ್ನುತ್ತಿದ್ದಳು. ಅದನ್ನು ಕೇಳಿ ನಾನೂ ಕರ್ಚೀಫಿಗೆಂದು ಜೇಬಿಗೆ ಕೈ ಹಾಕಿದೆ, ತೆಳ್ಳಗಾದ ಪರ್ಸು ತಗುಲಿ ಕಣ್ಣು ತಾನಾಗಿ ಒಣಗಿತು.

ಬಸ್‌ಸ್ಟ್ಯಾಂಡ್ ತಲುಪುವಷ್ಟರಲ್ಲಿ ರತ್ನ ಮೆಲ್ಲಗೆ ಹೇಳಿದಳು, "ರೀ, ಹೊಟ್ಟೆ ಚುರ್ ಅಂತಿದೆ." ಎದುರಿಗೇ ಒಂದು ದರ್ಶಿನಿ ಇತ್ತು, ಅದೇ ಎದೆಮಟ್ಟದ ದುಂಡು ಮೇಜು. ಇಬ್ಬರೂ ದೋಸೆ ತಿನ್ನುತ್ತಿರುವಾಗ ರೇಣುಕಪ್ಪನ ಫೋನ್ ಬಂತು. ಬಸ್ಸು ಸಿಕ್ಕಿತೇ, ಕೂರಲು ಜಾಗವಾಯಿತೇ ಎಂದು ಅಕ್ಕರೆಯಿಂದ ವಿಚಾರಿಸಿದ. ರತ್ನ ಬಾಯಲ್ಲಿ ದೋಸೆ ಇಟ್ಟುಕೊಂಡೇ ನನ್ನತ್ತ ಬೆರಳು ಆಡಿಸಿ ಕಣ್ಣು ಬಿಟ್ಟಳು.

"ಆರಾಮಾಗಿ ಕೂತಿದೀನಿ ಕಣಪ್ಪ" ಎಂದೆ, ನೋಯುತ್ತಿದ್ದ ಎಡಗಾಲಿನ ಭಾರವನ್ನು ಬಲಗಾಲಿಗೆ ಹಾಕುತ್ತ.