ಜೋಗುಳ ತಿದ್ದಿದ ಪ್ರಸಂಗ

ಕೆಲವರಿಗೆ ತೆರೆದ ಬಾಗಿಲು ಕಂಡರೆ ಮುಚ್ಚುವ ಚಟ, ಕೆಲವರಿಗೆ ಮುಚ್ಚಿದ ಪಾತ್ರೆ ಕಂಡರೆ ತೆರೆದು ನೋಡುವ ಚಟ. ನನ್ನದು ತಪ್ಪಕ್ಷರ ತಿದ್ದುವ ಚಟ. ಚಿತ್ರದುರ್ಗದ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವುದೇ ನನ್ನ ಕೆಲಸವಾದ್ದರಿಂದ ನಾನಿದನ್ನು ವೃತ್ತಿನಿಷ್ಠೆ ಎಂದುಕೊಂಡಿದ್ದೇನೆ. ಹೋಟೆಲಿನ ಗೋಡೆಯ ಮೇಲೆ ‘ಉಪ್ಪಿಟು’ ಎಂದಿದ್ದರೆ ನನ್ನ ಗಂಟಲಲ್ಲಿ ಉಪ್ಪಿಟ್ಟು ಇಳಿಯುವುದಿಲ್ಲ. ಒಮ್ಮೆ ಮದುವೆ ಮಂಟಪದಲ್ಲಿ ಹೂವಿನಲ್ಲಿ ಬರೆದ ಅಕ್ಷರವೊಂದನ್ನು ನೇರ ಮಾಡಲು ಕುರ್ಚಿ ಹತ್ತಿ, ವರನ ಹೆಸರನ್ನೇ ಉದುರಿಸಿದ್ದೆ. ಅದಿರಲಿ.

ಮೊನ್ನೆ ಹೊಳಲ್ಕೆರೆಯಲ್ಲಿ ನನ್ನ ನಾದಿನಿ ರೇಣುಕಾಳ ಮಗಳಿಗೆ ನಾಮಕರಣವಿತ್ತು. ಆ ಮನೆಯಲ್ಲಿ ಯಾವ ಮಗುವನ್ನು ತೊಟ್ಟಿಲಿಗೆ ಹಾಕಿದರೂ ಜೋಗುಳ ಹಾಡುವವರು ನನ್ನ ಅತ್ತೆ. ಆದರೆ ಗಂಟಲಿನ ಆಪರೇಷನ್ ಆದಮೇಲೆ ಅವರ ದನಿ ಒಡೆದುಹೋಗಿತ್ತು. ಹಳೆಯ ದನಿಯ ಒಂದೇ ಒಂದು ಹಾಡು ನನ್ನ ಹೆಂಡತಿ ಗಿರಿಜಾಳ ಮೊಬೈಲಿನಲ್ಲಿ ಉಳಿದಿತ್ತು. “ಅದನ್ನೇ ಹಾಕಾಣ. ಅಮ್ಮಂಗೂ ಸಮಾಧಾನ ಆಗ್ತೈತೆ” ಎಂದಳು.

ಹೊರಡುವ ಬೆಳಿಗ್ಗೆ ಅವಳು ತಲೆ ಬಾಚಿಕೊಳ್ಳುತ್ತಿದ್ದಾಗ ನಾನು ಅವಳ ಮೊಬೈಲಿನ ಫೈಲ್ ಮ್ಯಾನೇಜರಿನೊಳಗೆ ಇಣುಕಿದೆ. ಹಾಡಿನ ಹೆಸರನ್ನು ಅವಳು ‘ಜೋಗಳಾ’ ಎಂದು ಬರೆದಿದ್ದಳು. ನನ್ನ ಬೆರಳು ತುರಿಸಿತು. ಹೆಸರು ಬದಲಿಸುವುದನ್ನು ಒತ್ತುವ ಬದಲು ಅದರ ಪಕ್ಕದ್ದನ್ನು ಒತ್ತಿರಬೇಕು, ಆ ಫೈಲ್ ಮ್ಯಾನೇಜರಿನೊಳಗೇ ಇದ್ದ, ಬರಹ ತಿದ್ದುವ ಎಡಿಟರಿನಲ್ಲಿ ಹಾಡು ತೆರೆದುಕೊಂಡಿತು. ಪರದೆಯ ತುಂಬ ಪ್ರಶ್ನಾರ್ಥಕ ಚಿಹ್ನೆಗಳು, ಕಪ್ಪು ಚೌಕಗಳು, ತಲೆಬುಡವಿಲ್ಲದ ಅಕ್ಷರಗಳು. ಇಷ್ಟು ಕೆಟ್ಟ ಕರಡನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಹಾಡಿಗೆ ಕಸ ಸೇರಿಕೊಂಡಿದೆ ಎಂದು ಮೇಲಿನ ಸಾಲುಗಳನ್ನು ಅಳಿಸಿ, ‘ಜೋಗುಳ’ ಎಂದು ಶುದ್ಧವಾಗಿ ಬರೆದು, ಸೇವ್ ಮಾಡಿ ಹೊರಬಂದೆ. ಹಾಡು ಹಾಕಿ ನೋಡಿದರೆ ಮೊಬೈಲ್ ಮೂಕವಾಗಿತ್ತು. ಕಸವೆಂದು ನಾನು ಅಳಿಸಿದ್ದೇ ಹಾಡು!

ಬಸ್ಸಿನಲ್ಲಿ ಕಿಟಕಿ ತೆಗೆದೆ, ಹಾಕಿದೆ, ಚಪ್ಪಲಿ ಬಿಟ್ಟೆ, ಮೆಟ್ಟಿದೆ. ಹೇಳಿಬಿಡೋಣವೆಂದು ಬಾಯಿ ತೆರೆದಾಗಲೆಲ್ಲ ಆಕಳಿಕೆ ಬಂದಂತೆ ನಟಿಸಿದೆ.

“ಏನ್ರಿ, ಸೀಟಲ್ಲಿ ಇರುವೆ ಅವೇನು? ಸುಮ್ನೆ ಕುಂತ್ಕಳ್ರಿ” ಎಂದಳು ಗಿರಿಜಾ.

ಇರುವೆಗಳೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ತೊಟ್ಟಿಲ ಸುತ್ತ ಹೆಂಗಸರು ನೆರೆದರು. ಮಗು ಕಿಟಾರನೆ ಅಳುತ್ತಿತ್ತು. ಗಿರಿಜಾ ಮೊಬೈಲನ್ನು ಒತ್ತಿದಳು, ಒದರಿದಳು, ಸೆರಗಿನಲ್ಲಿ ಒರೆಸಿ ಮತ್ತೆ ಒತ್ತಿದಳು. ಅತ್ತೆ ತಮ್ಮದೇ ದನಿ ಕೇಳಲು ಕಿವಿ ಮುಂದೆ ಮಾಡಿ ಕುಳಿತಿದ್ದರು. ಅದನ್ನು ನೋಡಲಾಗದೆ ನಾನು ಎಲ್ಲವನ್ನೂ ಹೇಳಿಬಿಟ್ಟೆ.

ಗಿರಿಜಾಳ ಕಣ್ಣು ತುಂಬಿತು. “ಅಮ್ಮನ ದನಿ ಇದ್ದಿದ್ದೇ ಅದೊಂದು ಕಡೆ ಕಣ್ರಿ” ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅತ್ತೆ ನಿಧಾನವಾಗಿ ಎದ್ದು ತೊಟ್ಟಿಲ ಹಗ್ಗ ಹಿಡಿದರು. “ಹೋಗ್ಲಿ ಬಿಡೇ. ಅದ್ರಾಗೆ ನನಗಿಂತ ಕುಕ್ಕರೇ ಜೋರಾಗಿ ಕೂಗಿತ್ತು” ಎಂದು, ಆ ಒಡೆದ ದನಿಯಲ್ಲೇ ‘ಜೋ ಜೋ’ ಎಂದರು. ಒಣಗಿದ ತೆಂಗಿನಗರಿ ಎಳೆದಂತಿತ್ತು. ಬೆರಗಿಗೋ ಭಯಕ್ಕೋ, ಮಗು ಥಟ್ಟನೆ ಅಳು ನಿಲ್ಲಿಸಿ ಅಜ್ಜಿಯನ್ನೇ ನೋಡಿತು. ದನಿ ತಡವರಿಸಿದಲ್ಲಿ ರೇಣುಕಾ ಸೇರಿಕೊಂಡಳು, ಗಿರಿಜಾ ಮೂಗು ಒರೆಸಿಕೊಂಡು ಸೇರಿದಳು, ಆಮೇಲೆ ಎಲ್ಲ ಹೆಂಗಸರೂ. ಯಾರೋ ರೆಕಾರ್ಡ್ ಮಾಡತೊಡಗಿದರು. ಅತ್ತೆ ನನ್ನತ್ತ ತಿರುಗಿ, “ಅಳಿಯಂದ್ರೇ, ಸುಮ್ನೆ ಯಾಕೆ ನಿಂತೀರಿ? ನೀವೂ ಅನ್ರಿ” ಎಂದರು. ಅಂದೆ.

ಆ ಹಾಡೀಗ ನೆಂಟರ ಮೊಬೈಲುಗಳಲ್ಲೆಲ್ಲ ಇದೆ. ಕೇಳಿದವರು, “ಹಾಡು ಬಲು ಚೆಂದ ಐತೆ. ನಡುವೆ ಕೋಣ ಯಾಕೆ ಕೂಗ್ತೈತೆ?” ಎನ್ನುತ್ತಾರೆ. ಅಷ್ಟನ್ನು ಮಾತ್ರ ಕತ್ತರಿಸಿ ಕೊಡುತ್ತೇನೆಂದು ಗಿರಿಜಾಳಿಗೆ ಹೇಳಬೇಕೆಂದಿದ್ದೇನೆ. ಆದರೆ ನಾನು ಹತ್ತಿರ ಹೋದರೆ ಸಾಕು, ಅವಳು ಮೊಬೈಲನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ.